ಐನ್ ಲೋಜಿನ ನಡಿಗೆಯವರು

ಐನ್ ಲೋಜಿನ ಆರೋಗ್ಯ ಕೇಂದ್ರದ ಡಾಕ್ಟರ್ ಈಸಾ ಹೆಚ್ಚು ಮಾತಿನವರಲ್ಲ. ಸಕ್ಕರೆ ಕಾಯಿಲೆ ಎಂದು ಬಂದವರಿಗೂ, ರಕ್ತದೊತ್ತಡ ಎಂದು ಬಂದವರಿಗೂ, ಮಂಡಿನೋವು, ನಿದ್ದೆ ಬರುವುದಿಲ್ಲ, ಸೊಸೆ ಕಾಟ ಕೊಡುತ್ತಾಳೆ ಎಂದು ಬಂದವರಿಗೂ ಗುಳಿಗೆ ಬರೆದುಕೊಟ್ಟು ಕೊನೆಗೆ ಅವರು ಹೇಳುತ್ತಿದ್ದುದು ಒಂದೇ ಮಾತು: ದಿನಾ ನಡೀರಿ. ಎಲ್ಲಿ ನಡೆಯಬೇಕು ಎಂದು ಹೇಳುತ್ತಿರಲಿಲ್ಲ. ಅದು ಅವರ ಇಲಾಖೆಗೆ ಸೇರಿದ್ದಲ್ಲ.

ಅದು ಸೇರಿದ್ದ ಇಲಾಖೆಯಲ್ಲಿ ಇದ್ದವಳು ನಿಸ್ರೀನ್ ಒಬ್ಬಳೇ. ಪುರಸಭೆಯ ನಗರ ಯೋಜನೆ ವಿಭಾಗ ಎಂದರೆ ಅವಳು, ಅವಳ ಮೇಜು, ಮತ್ತು ಗೋಡೆಯ ಮೇಲೆ ಬಿಸಿಲಿಗೆ ಬಣ್ಣ ಹೋದ ಊರಿನ ನಕ್ಷೆ. ಇಂಜಿನಿಯರಿಂಗ್ ಓದಿ ಬಂದ ಹೊಸದರಲ್ಲಿ ಊರನ್ನು ಹೇಗೆಲ್ಲ ಮಾಡಬಹುದು ಎಂದು ಯೋಚಿಸಿದ್ದಳು. ನಲವತ್ತು ದಾಟುವ ಹೊತ್ತಿಗೆ ಎರಡು ಕೆಲಸಗಳಲ್ಲಿ ಪಳಗಿದ್ದಳು. ಒಂದು, ಮನೆಯ ಮೇಲೆ ಮನೆ ಕಟ್ಟುವವರಿಗೆ ಪರವಾನಗಿ ಕೊಡುವುದು. ಇನ್ನೊಂದು, ಅಧ್ಯಕ್ಷರಿಗೆ ವೃತ್ತಗಳನ್ನು ಬರೆದುಕೊಡುವುದು. ಅಧ್ಯಕ್ಷ ಅಬು ಗಾಲಿಬರಿಗೆ ರಸ್ತೆಯ ನಡುವಿನ ವೃತ್ತಗಳೆಂದರೆ ಪ್ರಾಣ. ಊರಿನಲ್ಲಿ ಆಗಲೇ ಹೂಜಿಯ ವೃತ್ತ, ಕತ್ತಿಯ ವೃತ್ತ, ತೆರೆದ ಪುಸ್ತಕದ ವೃತ್ತ ಆಗಿದ್ದವು. ಕಲ್ಲಿನ ಆ ಪುಸ್ತಕದಲ್ಲಿ ಏನು ಬರೆಯಬೇಕೆಂದು ಸದಸ್ಯರಲ್ಲಿ ಒಮ್ಮತ ಮೂಡದೆ ಪುಟಗಳು ಖಾಲಿ ಉಳಿದಿದ್ದವು. ಮುಂದಿನದು ಕಾಫಿ ಕೂಜೆಯ ವೃತ್ತವೆಂದು ಗೊತ್ತಾಗಿತ್ತು.

ಊರು ಗುಡ್ಡದ ಮೈಮೇಲಿದೆ. ರಸ್ತೆ ಕಾರುಗಳದ್ದು, ಫುಟ್‌ಪಾತು ಆಲಿವ್ ಮರಗಳದ್ದು. ಮನೆ ಕಟ್ಟಿಸಿದವನು ಗೇಟು ಕೂರಿಸಿದ ಮೇಲೆ ಮಾಡುವ ಮೊದಲ ಕೆಲಸವೆಂದರೆ ಎದುರಿನ ಫುಟ್‌ಪಾತಿನ ನಟ್ಟನಡುವೆ ಗುಂಡಿ ತೋಡಿ ಆಲಿವ್ ಸಸಿ ನೆಡುವುದು. ಅದು ಬೆಳೆದು ಕೊಂಬೆ ಎದೆಮಟ್ಟಕ್ಕೆ ಬಾಗುತ್ತದೆ. ಅದರಡಿ ತೂರಿ ಹೋಗಬಲ್ಲವು ಬೆಕ್ಕುಗಳು ಮಾತ್ರ. ಮರವಿಲ್ಲದ ಕಡೆ ಅಂಗಡಿಯವರು ಸಾಮಾನು ಹರಡುತ್ತಾರೆ. ಆಲಿವ್ ಮರ ಕಡಿದವನಿಗೆ ಆ ಊರಿನಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ, ಸಾಮಾನು ತೆಗೆಸಿದ ಅಧ್ಯಕ್ಷನಿಗೆ ಓಟು ಬೀಳುವುದಿಲ್ಲ. ಹಾಗಾಗಿ ಎರಡೂ ಇದ್ದಲ್ಲೇ ಇದ್ದವು.

ಡಾಕ್ಟರ ಮಾತಿಗೆ ಬೆಲೆ ಕೊಡುವವರಿಗೆ ಉಳಿದದ್ದು ಖಬರಸ್ತಾನ. ಊರಿನಲ್ಲಿ ಸಮತಟ್ಟಾಗಿದ್ದುದು ಅದೊಂದೇ. ಸೈಪ್ರೆಸ್ ಮರಗಳ ನೆರಳಿತ್ತು, ಹೆಣ ಹೊತ್ತವರು ಎಡವದಂತೆ ಹಾಕಿದ ನುಣುಪಾದ ದಾರಿಯಿತ್ತು, ವಾಹನದ ಕಾಟವಿರಲಿಲ್ಲ. ಮಧ್ಯಾಹ್ನ ಇಳಿದು ಅಸರ್ ನಮಾಜು ಮುಗಿದ ಮೇಲೆ ಊರಿನ ಸಕ್ಕರೆ ಕಾಯಿಲೆಯವರೆಲ್ಲ ಅಲ್ಲಿ ಸೇರಿ ಸುತ್ತು ಹಾಕುತ್ತಿದ್ದರು. ಖಾಯಂ ಆಗಿ ಹೋಗಬೇಕಾದ ಜಾಗಕ್ಕೆ, ಹೋಗುವುದನ್ನು ಮುಂದೂಡುವ ಸಲುವಾಗಿ, ದಿನವೂ ಹೋಗಿ ಬರುತ್ತಿದ್ದರು. ಅದರಲ್ಲಿ ವಿಚಿತ್ರವಿದೆಯೆಂದು ಅವರಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ನಿಸ್ರೀನಳ ತಾಯಿ ಉಮ್ ನಿದಾಲ್, ಅಂದರೆ ನಿದಾಲನ ತಾಯಿ, ಅವರಲ್ಲೊಬ್ಬಳು. ಉದ್ದನೆಯ ಕಪ್ಪು ನಿಲುವಂಗಿಯ ಕೆಳಗೆ ಮಗಳು ಕೊಡಿಸಿದ ಬಿಳಿ ಬೂಟು ಹಾಕಿಕೊಂಡು, ಪಕ್ಕದ ಮನೆಯ ಉಮ್ ಜಿಯಾದ್ ಮತ್ತಿಬ್ಬರು ಗೆಳತಿಯರ ಜೊತೆ ಹೊರಡುತ್ತಿದ್ದಳು. ಪ್ರತಿ ಸುತ್ತಿನಲ್ಲೂ ಗಂಡನ ಗೋರಿ ಸಿಗುತ್ತಿತ್ತು. ಸಿಕ್ಕಾಗಲೊಮ್ಮೆ ಅವಳು ಅವನಿಗೆ ಒಂದೊಂದು ಸುದ್ದಿ ಹೇಳಿ ಮುಂದೆ ಹೋಗುತ್ತಿದ್ದಳು: ಟೊಮೇಟೊ ಬೆಲೆ ಏರಿದ್ದು, ಅಕಬಾದಲ್ಲಿರುವ ಮಗ ನಿದಾಲನಿಗೆ ಬಡ್ತಿಯಾದದ್ದು, ನಿಸ್ರೀನ್ ಇನ್ನೊಂದು ಗಂಡನ್ನು ಬೇಡವೆಂದದ್ದು. ಬದುಕಿದ್ದಾಗ ಅವನು ಇಷ್ಟು ತಾಳ್ಮೆಯಿಂದ ಯಾವತ್ತೂ ಕೇಳಿಸಿಕೊಂಡವನಲ್ಲ ಎಂದು ಮನೆಗೆ ಬಂದು ಹೇಳುತ್ತಿದ್ದಳು. ಆ ಚಳಿಗಾಲ ಅವಳ ಸಕ್ಕರೆ ಇಳಿದಿತ್ತು. ಚಹಾಕ್ಕೆ ಹಾಕುವ ಸಕ್ಕರೆ ಇಳಿದಿರಲಿಲ್ಲ. ಅದು ಚಹಾಕ್ಕೆ ಹಾಕುವುದು, ತನಗಲ್ಲ ಎನ್ನುವುದು ಅವಳ ವಾದ.

ಬಾದಾಮಿ ಹೂಬಿಡುವ ಹೊತ್ತಿಗೆ ಅಧ್ಯಕ್ಷರ ಮನೆತನದ ಹಿರಿಯರೊಬ್ಬರು ತೀರಿಕೊಂಡರು. ಹೆಣ ಖಬರಸ್ತಾನದ ಬಾಗಿಲು ದಾಟುವುದಕ್ಕೂ, ಒಳಗೆ ಉಮ್ ಜಿಯಾದ್ ಯಾವುದೋ ಮಾತಿಗೆ ಗೊಳ್ಳೆಂದು ನಗುವುದಕ್ಕೂ ಸರಿಹೋಯಿತು. ಉಮ್ ಜಿಯಾದಳ ನಗು ಸಣ್ಣದಲ್ಲ. ನಡಿಗೆಯವರೆಲ್ಲ ತಟ್ಟನೆ ಪಕ್ಕಕ್ಕೆ ಸರಿದು, ಕೈಯೆತ್ತಿ ಫಾತಿಹಾ ಓದಿದರು, ಬೇರೆಯವರಿಗಿಂತ ಹೆಚ್ಚೇ ಅತ್ತರು. ಆದರೆ ನಗು ಬಾಯಿಂದ ಹೊರಟಾಗಿತ್ತು. ಸತ್ತವರ ಮಕ್ಕಳು ಮೂರನೆಯ ದಿನ ಅಧ್ಯಕ್ಷರ ಬಳಿ ಹೋಗಿ, ಊರಿನವರು ತಮ್ಮ ತಂದೆಯ ತಲೆಯ ಮೇಲೆ ಬೂಟು ಹಾಕಿಕೊಂಡು ಕಸರತ್ತು ಮಾಡುತ್ತಿದ್ದಾರೆಂದು ದೂರಿದರು. ವಾರ ಕಳೆಯುವುದರೊಳಗೆ ಖಬರಸ್ತಾನಕ್ಕೆ ಬೀಗ ಬಿತ್ತು. ಇನ್ನು ಮಣ್ಣು ಮಾಡುವಾಗ ಮತ್ತು ಶುಕ್ರವಾರ ಮಾತ್ರ ತೆರೆಯುವುದೆಂದಾಯಿತು.

ನಿಸ್ರೀನ್ ಅಧ್ಯಕ್ಷರ ಕೋಣೆಗೆ ಹೋಗಿ, ಆ ಜನಕ್ಕೆ ನಡೆಯಲು ಬೇರೆ ಜಾಗವಿಲ್ಲ ಎಂದಳು. ಅಬು ಗಾಲಿಬ್ ಕೆಟ್ಟವರಲ್ಲ. ಅವಳನ್ನು ಕೂರಿಸಿದರು, ಕಾಫಿ ತರಿಸಿದರು, ಕೂಜೆಯ ಮೂತಿ ಯಾವ ದಿಕ್ಕಿಗಿರಬೇಕೆಂದು ಕೇಳಿದರು. ಆಮೇಲೆ ಅವಳ ಮಾತಿಗೆ ಬಂದರು.

"ರಸ್ತೆ ಇದೆಯಲ್ಲ ಇಂಜಿನಿಯರಮ್ಮ, ನಡೀಲಿ. ರಸ್ತೇಲಿ ನಡೀಬೇಡಿ ಅಂತ ನಾನು ಯಾರಿಗಾದ್ರೂ ಅಂದಿದೀನಾ?"

ಅವರು ಯಾರಿಗೂ ಹಾಗೆ ಅಂದಿರಲಿಲ್ಲ. ಆದ್ದರಿಂದ ನಡಿಗೆಯವರು ರಸ್ತೆಗೆ ಬಂದರು.

ಆರೋಗ್ಯ ಕೇಂದ್ರದಿಂದ ಹೆಣ್ಣುಮಕ್ಕಳ ಶಾಲೆಯನ್ನು ಹಾದು ತರಕಾರಿ ಮಾರುಕಟ್ಟೆಯವರೆಗೆ ಹೋಗುವ ಬೀದಿಗೆ ಶಾಲೆಬೀದಿ ಎನ್ನುತ್ತಾರೆ. ಅದು ಗುಡ್ಡಕ್ಕೆ ಅಡ್ಡಲಾಗಿ ಹೋಗುವುದರಿಂದ ಏರು ಕಡಿಮೆ. ಉಮ್ ನಿದಾಲ್ ಅದನ್ನೇ ಆರಿಸಿಕೊಂಡಳು. ಅಲ್ಲಿ ಅವಳ ತಮ್ಮ ಸಬ್ರಿಯ ಅಂಗಡಿಯೂ ಇತ್ತು. ಸಬ್ರಿ ಹಾಸಿಗೆ, ದಿಂಬು, ಪ್ಲಾಸ್ಟಿಕ್ ಕುರ್ಚಿಗಳನ್ನು ಮಾರುವವನು. ಅಂಗಡಿಯೊಳಗೆ ಒಂದು ಕುರ್ಚಿ, ಒಂದು ಗಲ್ಲಾಪೆಟ್ಟಿಗೆ ಇಟ್ಟು ಉಳಿದದ್ದನ್ನೆಲ್ಲ ಫುಟ್‌ಪಾತಿನ ಮೇಲೆ ಜೋಡಿಸಿದ್ದ. ಆಲಿವ್ ಮರಕ್ಕೆ ಒರಗಿಸಿದ ಹಾಸಿಗೆಗಳು ದೂರದಿಂದ ನೋಡಿದರೆ ಕೋಟೆಯಂತೆ ಕಾಣುತ್ತಿದ್ದವು. ಎದುರಿಗೆ ಅವನ ಪಿಕಪ್ ಗಾಡಿ ಬೆಳಿಗ್ಗೆಯಿಂದ ಸಂಜೆವರೆಗೂ ನಿಂತಿರುತ್ತಿತ್ತು.

ಒಂದು ಸಂಜೆ ಉಮ್ ನಿದಾಲ್ ಕೋಟೆಯನ್ನು ಬಳಸಿ, ಗಾಡಿಯನ್ನು ಬಳಸಿ, ರಸ್ತೆಯ ನಡುವಿಗೆ ಬಂದಾಗ ಹಿಂದಿನಿಂದ ಗ್ಯಾಸಿನ ಲಾರಿ ಬಂತು. ಅದು ವೇಗವಾಗಿಯೇನೂ ಬರಲಿಲ್ಲ. ಸಿಲಿಂಡರ್ ಮಾರುವ ಲಾರಿ ಎಂದಿನಂತೆ ತನ್ನ ಸಂಗೀತ ಹಾಕಿಕೊಂಡು ನಿಧಾನವಾಗಿಯೇ ಬಂತು. ಸಂಗೀತ ಎಲ್ಲರಿಗೂ ಕೇಳಿಸಿತು, ಉಮ್ ನಿದಾಲಳಿಗೂ ಕೇಳಿಸಿತು. ಸರಿದು ನಿಲ್ಲಲು ಮಾತ್ರ ಜಾಗವಿರಲಿಲ್ಲ. ಲಾರಿಯ ಕನ್ನಡಿ ಭುಜಕ್ಕೆ ತಾಗಿ ಅವಳು ಬಿದ್ದಳು. ಮಣಿಕಟ್ಟು ಮುರಿಯಿತು. ಒಂದು ಬೂಟು ಕಳಚಿ ಹೋಗಿ ಕಾಲು ಡಾಂಬರಿಗೆ ಉಜ್ಜಿ ಕಿರುಬೆರಳ ಬಳಿ ಚರ್ಮ ಕಿತ್ತುಬಂತು. ಲಾರಿಯವನು ಕೆಳಗಿಳಿದು ತಲೆ ಚಚ್ಚಿಕೊಂಡ. ಸಂಗೀತ ನಿಲ್ಲಿಸುವುದನ್ನು ಮರೆತಿದ್ದರಿಂದ ಅವಳನ್ನು ಎತ್ತಿ ಸಬ್ರಿಯ ಪಿಕಪ್ಪಿನಲ್ಲಿ ಕೂರಿಸುವವರೆಗೂ ಅದು ಬಾರಿಸುತ್ತಲೇ ಇತ್ತು.

ಕೈ ಕೂಡಿಕೊಂಡಿತು. ಕಾಲಿನ ಗಾಯ ಮಾಯಲಿಲ್ಲ. ಸಕ್ಕರೆ ಕಾಯಿಲೆಯವರ ಕಾಲಿನ ವಿಷಯ ಗೊತ್ತಿದ್ದವರು ಅದನ್ನು ನೋಡಿ ಬೇರೆ ಮಾತೆತ್ತುತ್ತಿದ್ದರು. ಕೊನೆಗೆ ಇರ್ಬಿದ್‌ನ ಆಸ್ಪತ್ರೆಯಲ್ಲಿ ಕಿರುಬೆರಳನ್ನು ತೆಗೆದರು. ನಿಸ್ರೀನ್ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಸಬ್ರಿ ಜಪಮಣಿ ಎಣಿಸುತ್ತಿದ್ದ. ಒಂದು ಹೊತ್ತಿಗೆ ಅವನು, "ಖಾಲೋ, ಏನಾದ್ರೂ ತಿಂತೀಯಾ?" ಎಂದು ಕೇಳಿದ. ಆ ಕಡೆ ಸೋದರಮಾವನನ್ನು ಕರೆಯುವುದೂ ಖಾಲೋ ಎಂದೇ, ಅವನು ತಿರುಗಿ ಕರೆಯುವುದೂ ಖಾಲೋ ಎಂದೇ. ಅವಳು ಬೇಡವೆಂದಳು.

ಉಮ್ ನಿದಾಲ್ ಮನೆಗೆ ಬಂದ ಮೇಲೆ ಡಾಕ್ಟರ್ ಈಸಾ ತಾವಾಗಿ ನೋಡಲು ಬಂದರು. ಕಾಲು ಬಿಚ್ಚಿ ನೋಡಿ, ಕಟ್ಟಿ, ಗುಳಿಗೆ ಬರೆದುಕೊಟ್ಟು, ಗಾಯ ಪೂರ್ತಿ ಒಣಗಿದ ಮೇಲೆ ಮತ್ತೆ ದಿನಾ ನಡೆಯಬೇಕು ಎಂದರು.

"ಎಲ್ಲಿ, ಡಾಕ್ಟ್ರೇ?" ಎಂದು ಉಮ್ ನಿದಾಲ್ ಕೇಳಿದಳು. ವ್ಯಂಗ್ಯವಾಗಿ ಕೇಳಲಿಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದಳು.

ಡಾಕ್ಟರು ನಿಸ್ರೀನಳ ಕಡೆ ನೋಡಿದರು. ಅವಳು ಮರಮಿಯ್ಯಾ ಎಂಬ ಕಂಪಿನ ಎಲೆ ಹಾಕಿದ ಚಹಾ ತರುವ ನೆಪದಲ್ಲಿ ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ನೀರು ಕುದಿದು ಅರ್ಧವಾಗುವವರೆಗೂ ನಿಂತಿದ್ದಳು.

ಮರುದಿನ ಅವಳು ಅಳತೆಪಟ್ಟಿ ತೆಗೆದುಕೊಂಡು ಶಾಲೆಬೀದಿಗೆ ಹೋದಳು. ಬೀದಿಯನ್ನು ಗೋಡೆಯಿಂದ ಗೋಡೆಗೆ ಅಳೆದಳು. ಆಮೇಲೆ ಹಲವು ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೋಗಿ ನಿಂತು ನೋಡಿದಳು. ಬೀದಿ ಕಿರಿದೆಂದು ಊರೆಲ್ಲ ಹೇಳುತ್ತಿತ್ತು. ಅದು ಕಿರಿದಾಗಿರಲಿಲ್ಲ. ಎರಡೂ ಬದಿಗೆ ಸಾಲಾಗಿ ಕಾರು ನಿಂತು ನಡುವೆ ಒಂದು ಕಾರು ಹೋಗುವಷ್ಟು ಉಳಿದಿತ್ತು, ಅಷ್ಟೇ. ನಿಂತ ಕಾರುಗಳು ಗಿರಾಕಿಗಳವಲ್ಲ, ಅಂಗಡಿಯವರವೇ. ಗಿರಾಕಿಗಳು ಬಂದರೆ ರಸ್ತೆಯ ನಡುವೆ ನಿಲ್ಲಿಸಿ ಹಾರನ್ನು ಹೊಡೆದು ಸಾಮಾನು ತರಿಸಿಕೊಳ್ಳುತ್ತಿದ್ದರು.

ಅವಳು ಬರೆದದ್ದು ಹೀಗೆ. ಮರಗಳನ್ನು ಮುಟ್ಟುವುದಿಲ್ಲ. ಒಂದು ಬದಿಯ ಕಾರುಗಳ ಸಾಲು ಹೋಗುತ್ತದೆ. ಆ ಜಾಗಕ್ಕೆ ಫುಟ್‌ಪಾತು ಚಾಚಿಕೊಂಡು ಮರಗಳಿಂದಾಚೆಗೂ ಬರುತ್ತದೆ. ಗೋಡೆಗೂ ಮರಕ್ಕೂ ನಡುವಿನ ಪಟ್ಟಿಯಲ್ಲಿ ಅಂಗಡಿಯವರು ಸಾಮಾನು ಇಟ್ಟುಕೊಳ್ಳಲಿ, ಮರದಿಂದಾಚೆಗಿನದು ನಡೆಯುವವರದು. ಕೆಳಗಿನ ಕೊಂಬೆ ಸವರಿದರೆ ಮೇಲಿನ ನೆರಳು ನಡೆಯುವವರ ತಲೆಯ ಮೇಲೆಯೇ ಬೀಳುತ್ತದೆ. ಮುದುಕಿಯೊಬ್ಬಳು ಏದುಸಿರು ಬಿಡದೆ ನಡೆಯಬಲ್ಲಷ್ಟು ದೂರಕ್ಕೊಂದು ಬೆಂಚು. ಕಾರುಗಳಿಗೆ ಹಳೆಯ ಹಿಟ್ಟಿನ ಗಿರಣಿಯ ಹಿಂದೆ ಪುರಸಭೆಯ ಬಯಲು ಬಿದ್ದಿತ್ತು.

ಅಧ್ಯಕ್ಷರು ನಕ್ಷೆಯನ್ನು ಬಹಳ ಹೊತ್ತು ನೋಡಿದರು. ವೃತ್ತ ಎಲ್ಲಿ ಎಂದು ಹುಡುಕುತ್ತಿದ್ದರೆಂದು ಅವಳಿಗೆ ಆಮೇಲೆ ಗೊತ್ತಾಯಿತು.

"ಗಿರಣಿ ಹಿಂದೆ ಕಾರು ನಿಲ್ಲಿಸಿ ಅಲ್ಲಿಂದ ಏನು ಮಾಡ್ತಾರೆ?"

"ನಡ್ಕೊಂಡು ಬರ್ತಾರೆ."

"ಅಂಗಡಿವರೆಗೂ?"

"ಅದಕ್ಕೇ ಮಾಡ್ತಿರೋದು ಅಧ್ಯಕ್ಷರೇ."

ಅವರು ಅವಳ ಮೇಲೆ ಕನಿಕರಪಟ್ಟಂತೆ ತಲೆಯಾಡಿಸಿದರು. ಐನ್ ಲೋಜಿನ ಗಂಡಸಿಗೆ ತನ್ನ ಕಾರು ಅಂಗಡಿಯ ಬಾಗಿಲಲ್ಲಿ ನಿಂತಿರುವುದು ಕಾಣದಿದ್ದರೆ ತಾನು ಬಂದಿದ್ದೇನೋ ಇಲ್ಲವೋ ಎಂದೇ ಅನುಮಾನ ಬರುತ್ತದೆ ಎಂದರು. ಅದೂ ಅಲ್ಲದೆ ಈ ವರ್ಷದ ಹಣ ಕೂಜೆಗೆ ಮೀಸಲಾಗಿದೆ ಎಂದರು. ತಾಯಿಯ ಕಾಲು ಹೇಗಿದೆ ಎಂದು ಮನಸಾರೆ ವಿಚಾರಿಸಿದರು. ನಕ್ಷೆಯನ್ನು ಸುರುಳಿ ಸುತ್ತಿ ಅವರೇ ಅವಳ ಕೈಗೆ ಕೊಟ್ಟರು.

ಬೇಸಿಗೆ ಶುರುವಾದಾಗ ಉಮ್ ನಿದಾಲಳ ಗಾಯ ಒಣಗಿತು. ಅವಳು ಊರುಗೋಲು ಹಿಡಿದು ಅಂಗಳದಲ್ಲಿ ನಡೆಯುವುದನ್ನು ಅಭ್ಯಾಸ ಮಾಡಿಕೊಂಡಳು. ಶುಕ್ರವಾರ, ಶನಿವಾರದ ರಜೆ ಕಳೆದು ಒಂದು ಭಾನುವಾರ ಬೆಳಿಗ್ಗೆ ನಿಸ್ರೀನ್ ಕಚೇರಿಯಲ್ಲಿ ಕೂತಿದ್ದಾಗ ಹೊರಗಿನ ಪಡಸಾಲೆಯಲ್ಲಿ ಟಕ್ ಟಕ್ ಎಂದು ಕೋಲಿನ ಸದ್ದು ಹೋಯಿತು. ಸ್ವಲ್ಪ ಹೊತ್ತಿಗೆ ಅದೇ ಸದ್ದು ತಿರುಗಿ ಬಂತು. ಮೂರನೆಯ ಸಲ ಅವಳು ಬಾಗಿಲು ತೆಗೆದು ನೋಡಿದರೆ ತಾಯಿ, ಉಮ್ ಜಿಯಾದ್, ಮತ್ತಿಬ್ಬರು ಗೆಳತಿಯರು ಬಿಳಿ ಬೂಟು ಹಾಕಿಕೊಂಡು ಪುರಸಭೆಯ ಪಡಸಾಲೆಯ ಉದ್ದಕ್ಕೂ ನಡೆಯುತ್ತಿದ್ದರು.

ಪುರಸಭೆಯ ಕಟ್ಟಡ ಹೊಸದು. ಪಡಸಾಲೆ ಉದ್ದವಾಗಿತ್ತು, ನೆಲ ನುಣುಪಾಗಿತ್ತು, ತಂಪಾಗಿತ್ತು. ಒಂದು ಕೊನೆಗೆ ನೀರಿನ ಯಂತ್ರ, ಇನ್ನೊಂದು ಕೊನೆಗೆ ಅಧ್ಯಕ್ಷರ ಕೋಣೆ. ಖಬರಸ್ತಾನದ ನಂತರ ಊರಿನಲ್ಲಿ ಅಂಥ ಜಾಗ ಇದೊಂದೇ ಇದ್ದದ್ದು.

ನಿಸ್ರೀನ್ ತಾಯಿಯನ್ನು ಪಕ್ಕಕ್ಕೆ ಕರೆದು, "ಯಮ್ಮಾ, ಮನೆಗೆ ಹೋಗು. ನಾನೇ ಕರೆಸಿದೀನಿ ಅಂದ್ಕೋತಾರೆ," ಎಂದಳು.

"ನಿನ್ನ ಮಾತು ಕೇಳ್ಕೊಂಡು ನಾನೆಲ್ಲಿ ಬಂದೆ ಯಮ್ಮಾ," ಎಂದಳು ಉಮ್ ನಿದಾಲ್. "ಡಾಕ್ಟ್ರ ಮಾತು ಕೇಳ್ಕೊಂಡು ಬಂದಿದೀನಿ. ದಾರಿ ಬಿಡು, ನಿಂತ್ರೆ ಕಾಲು ಊದುತ್ತೆ."

ಅಧ್ಯಕ್ಷರು ಬಂದರು. ಹಿರಿಯ ಹೆಂಗಸರನ್ನು ಕರೆಯುವಂತೆ ಹಜ್ಜಾ ಎಂದು ಕರೆದು, ಏನು ಕೆಲಸವಾಗಬೇಕಿತ್ತು ಎಂದು ವಿನಯದಿಂದ ಕೇಳಿದರು. ಕೆಲಸ ಏನೂ ಇಲ್ಲ, ನಡೆಯುತ್ತಿದ್ದೇವೆ ಎಂದು ಅವರೂ ಅಷ್ಟೇ ವಿನಯದಿಂದ ಹೇಳಿದರು. ವಯಸ್ಸಾದ ಹೆಂಗಸರ ಮೈಮುಟ್ಟುವ ಕಾವಲುಗಾರ ಆ ದೇಶದಲ್ಲಿ ಹುಟ್ಟಿಲ್ಲ. ಸರ್ಕಾರಿ ಕಟ್ಟಡದೊಳಗೆ ನಡೆಯಬಾರದೆಂಬ ಕಾನೂನನ್ನೂ ಯಾರೂ ಮಾಡಿರಲಿಲ್ಲ. ಮರುದಿನ ಇನ್ನಷ್ಟು ಜನ ಬಂದರು. ಮೂರನೆಯ ದಿನ ಗಂಡಸರೂ ಬಂದರು. ಚಹಾ ತರುವವನು ತಟ್ಟೆ ಹಿಡಿದು ಅವರ ಹಿಂದೆಯೇ ಹೋಗಿ ಹಿಂದೆಯೇ ಬರುವುದನ್ನು ಕಲಿತುಕೊಂಡ.

ಅಧ್ಯಕ್ಷರು ನಡಿಗೆಯನ್ನು ಸಹಿಸಿಕೊಳ್ಳುತ್ತಿದ್ದರೇನೋ. ಸಹಿಸಲಾಗದ್ದು ಮಾತು. ಆ ಊರಿನಲ್ಲಿ ಹಿರಿಯ ಹೆಂಗಸರು ಎದುರಾದವರನ್ನು ಮಾತಾಡಿಸದೆ ಬಿಡುವುದಿಲ್ಲ. ಅಧ್ಯಕ್ಷರ ಕೋಣೆಗೆ ಹೋಗುವ ಪ್ರತಿಯೊಬ್ಬನನ್ನೂ ಅವರು ನಿಲ್ಲಿಸಿ ಯಾರ ಮಗ, ತಾಯಿ ಹೇಗಿದ್ದಾಳೆ, ಏನು ಬಂದದ್ದು ಎಂದು ಕೇಳುತ್ತಿದ್ದರು. ಹೊರಗೆ ಬಂದವನನ್ನು ಕೆಲಸ ಆಯಿತೇ ಎಂದು ಕೇಳುತ್ತಿದ್ದರು. ಕಾಫಿ ಕೂಜೆಯ ಗುತ್ತಿಗೆಗಾಗಿ ಒಬ್ಬ ಕಂಟ್ರಾಕ್ಟರು ದೊಡ್ಡದೊಂದು ಮಿಠಾಯಿ ಪೆಟ್ಟಿಗೆ ಹಿಡಿದು ಬಂದಾಗ ಉಮ್ ಜಿಯಾದ್ ಅದು ಯಾರ ಮದುವೆಯದೆಂದು ಕೇಳಿದಳು. ಅವನು ತಬ್ಬಿಬ್ಬಾಗಿ ಪೆಟ್ಟಿಗೆ ತೆರೆದು ಎಲ್ಲರಿಗೂ ಹಂಚಿದ. ಸಕ್ಕರೆ ಕಾಯಿಲೆಯವರೆಲ್ಲ ಒಂದೊಂದು ತಿಂದರು. ಅಧ್ಯಕ್ಷರ ಬಾಗಿಲು ತಲುಪುವ ಹೊತ್ತಿಗೆ ಪೆಟ್ಟಿಗೆ ಖಾಲಿಯಾಗಿತ್ತು. ಅವನು ಒಳಗೆ ಹೋಗದೆ ಹಿಂದಿರುಗಿದ. ಆಮೇಲೆ ಗುಟ್ಟಿನ ಕೆಲಸವಿದ್ದವರು ಪುರಸಭೆಗೆ ಬರುವುದನ್ನೇ ಬಿಟ್ಟರು. ಗುಟ್ಟಿಲ್ಲದ ಕೆಲಸ ಹಿಡಿದು ಬರುವವರು ಕಡಿಮೆಯಾದ್ದರಿಂದ ಅಧ್ಯಕ್ಷರು ಹಗಲೆಲ್ಲ ಒಬ್ಬರೇ ಕೂತಿರಬೇಕಾಯಿತು.

ಎರಡನೆಯ ವಾರ ಅವರು ನಿಸ್ರೀನಳನ್ನು ಕರೆಸಿದರು.

"ಆ ಸುರುಳಿ ಎಲ್ಲಿಟ್ಟಿದೀರಿ?"

ಅವಳು ತಂದು ಹರಡಿದಳು. ಕಲ್ಲು, ಕಾಂಕ್ರೀಟು ಈಗಲೇ ಇಲ್ಲ, ಬೇಸಿಗೆ ಮುಗಿಯುವವರೆಗೆ ಬರೀ ಬಣ್ಣ ಬಳಿದು, ಹೂಕುಂಡ ಇಟ್ಟು, ಬೆಂಚು ಹಾಕಿ ನೋಡುವುದು, ಗಲಾಟೆಯಾದರೆ ಒರೆಸುವುದು ಎಂದು ಒಪ್ಪಂದವಾಯಿತು. ಅವಳು ಹೊರಡುವಾಗ ಅವರು, "ನಿಮ್ಮ ತಾಯಿಗೆ ನೀವೇ ಹೇಳಿಕೊಟ್ಟಿದ್ದು ತಾನೆ?" ಎಂದು ಕೇಳಿದರು. ಅವಳು ಇಲ್ಲವೆಂದಳು. ಅವರು ನಂಬಲಿಲ್ಲ. ನಂಬದಿದ್ದರೂ ಅವಳ ಬಗ್ಗೆ ಗೌರವ ಹೆಚ್ಚಾದಂತೆ ಕಂಡಿತು.

ಗಲಾಟೆ ಆಯಿತು. ಶಾಲೆಬೀದಿಯ ಅಂಗಡಿಯವರು ಸೇರಿ ಸಬ್ರಿಯನ್ನು ಮುಂದಾಳು ಮಾಡಿಕೊಂಡರು. ಕಾರು ನಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ, ಗಿರಾಕಿ ಬರದಿದ್ದರೆ ಮಕ್ಕಳು ಉಪವಾಸ, ಇದೆಲ್ಲ ಪರದೇಶದ ಊರುಗಳನ್ನು ಚಿತ್ರದಲ್ಲಿ ನೋಡಿದವರ ಹುಚ್ಚು ಎಂದು ಅವನು ಮನೆಮನೆಗೆ ಹೇಳಿಕೊಂಡು ಬಂದ. ಅಕ್ಕನ ಮನೆಗೆ ಮಾತ್ರ ಬರಲಿಲ್ಲ. ದೊಡ್ಡ ಹಬ್ಬಕ್ಕೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ನೋಡಲು ಹೋಗುವುದು ಅಲ್ಲಿ ನಮಾಜಿನಷ್ಟೇ ಕಟ್ಟುನಿಟ್ಟು. ಆ ಸಲ ಅವನು ತಾನು ಬರದೆ ಕುರ್ಬಾನಿಯ ಮಾಂಸವನ್ನು ಮಗನ ಕೈಲಿ ಕಳಿಸಿದ. ಉಮ್ ನಿದಾಲ್ ಅದನ್ನು ಮೊಸರಿನಲ್ಲಿ ಬೇಯಿಸಿ ಮನ್ಸಫ್ ಮಾಡಿದಳು, ಒಂದು ತಟ್ಟೆ ತಮ್ಮನಿಗೆ ಕಳಿಸಿದಳು.

ಬಣ್ಣ ಬಳಿಯುವ ದಿನ ಬಂತು. ಕೆಲಸಗಾರರು ಆರೋಗ್ಯ ಕೇಂದ್ರದ ಕಡೆಯಿಂದ ಗೆರೆ ಎಳೆದುಕೊಂಡು ಬಂದರು. ಅಂಗಡಿಯವರು ಬೈದುಕೊಳ್ಳುತ್ತ ಬೈದುಕೊಳ್ಳುತ್ತ ಒಬ್ಬೊಬ್ಬರೇ ಕಾರು ತೆಗೆದರು. ಸಬ್ರಿಯ ಅಂಗಡಿಯ ಮುಂದೆ ಕೆಲಸ ನಿಂತಿತು. ಪಿಕಪ್ಪು ಗೆರೆಯ ಮೇಲಿತ್ತು. ಅವನು ಹಾಸಿಗೆಗಳ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ. ನಿಸ್ರೀನಳನ್ನು ಕರೆಸಿದರು. ಅವಳು ಬರುವಾಗ ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು.

"ಖಾಲೋ, ಗಾಡಿ ತೆಗೀರಿ," ಎಂದಳು.

"ಖಾಲೋ, ನೀನು ಮೊದಲು ಕೂತ್ಕೋ. ಚಹಾ ಕುಡಿ."

"ಕೆಲಸದೋರು ಕಾಯ್ತಿದಾರೆ."

"ಕಾಯ್ಲಿ. ನಿಮ್ಮಪ್ಪ ನಮ್ಮನೆಗೆ ಹೆಣ್ಣು ಕೇಳ್ಕೊಂಡು ಬಂದ ದಿನಾನೂ ಈ ಜಾಗದಲ್ಲಿ ನಮ್ಮಪ್ಪನ ಗಾಡಿ ನಿಂತಿತ್ತು." ಅವನು ಸುತ್ತ ನಿಂತವರಿಗೆಲ್ಲ ಕೇಳುವಂತೆ ಹೇಳಿದ. "ಅಷ್ಟಕ್ಕೂ ಯಾರು ನಡೀತಾರೆ ಇಲ್ಲಿ? ಹೆಸರು ಹೇಳು. ಈ ಊರಲ್ಲಿ ಕಾಲಿರೋರೆಲ್ಲ ಕಾರಲ್ಲಿ ಹೋಗ್ತಾರೆ. ಯಾರಮ್ಮ ನಡೆಯೋರು?"

"ನಿಮ್ಮಕ್ಕ ನಡೀತಿದ್ಲು," ಎಂದಳು ನಿಸ್ರೀನ್. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಂದಿನಿಂದ ಒಳಗಿದ್ದ ಮಾತು ತಾನಾಗಿ ಬಂತು. "ಅವತ್ತು ನಿಮ್ಮ ಹಾಸಿಗೆ ದಾರಿಗೆ ಅಡ್ಡ ಇರದಿದ್ರೆ ಅವಳು ರಸ್ತೆಗೆ ಇಳೀತಾನೇ ಇರಲಿಲ್ಲ. ಬೆರಳು ಕಾಲಲ್ಲೇ ಇರ್ತಿತ್ತು."

ಸಬ್ರಿ ಲೋಟ ಕೆಳಗಿಟ್ಟ. ಎದ್ದು ಒಳಗೆ ಹೋಗಿ ಬೀಗದ ಕೈ ತಂದ. ಪಿಕಪ್ಪು ಹತ್ತಿ, ಒಂದು ಸಲಕ್ಕೆ ಹೊತ್ತಿಕೊಳ್ಳದ ಇಂಜಿನ್ನನ್ನು ಎರಡನೆಯ ಸಲ ತಿರುಗಿಸಿ, ಗಿರಣಿಯ ಕಡೆಗೆ ಓಡಿಸಿಕೊಂಡು ಹೋದ. ಅಲ್ಲಿಂದ ನಡೆದು ಬಂದು ಅಂಗಡಿಯ ಷಟರನ್ನು ಎಳೆದ. ಇನ್ನೂ ಮಧ್ಯಾಹ್ನವಾಗಿರಲಿಲ್ಲ. ಅವನು ಅವಳ ಕಡೆ ನೋಡಲಿಲ್ಲ. ಕೆಲಸಗಾರರು ಗೆರೆ ಮುಂದುವರಿಸಿದರು.

ಸುದ್ದಿ ಅವಳಿಗಿಂತ ಮೊದಲು ಮನೆಗೆ ಹೋಗಿತ್ತು. ಉಮ್ ನಿದಾಲ್ ಬೇಳೆ ಆರಿಸುತ್ತ ಕೂತಿದ್ದಳು. ಮಗಳು ಬೂಟು ಬಿಚ್ಚಿದ ಮೇಲೆ ಮೊರ ಪಕ್ಕಕ್ಕಿಟ್ಟಳು.

"ಅದು ನನ್ನ ಕಾಲು," ಎಂದಳು. "ಅದನ್ನ ಯಾರ ಹತ್ರ ಕೇಳ್ಬೇಕು, ಬಿಡ್ಬೇಕು ಅನ್ನೋದು ನಂದು. ನಾನು ಕೇಳಿರಲಿಲ್ಲ."

"ನಾನು ಹೇಳಿದ್ದು ನಿಜ ಅಲ್ವಾ ಯಮ್ಮಾ?"

"ನಿಜ ಆಗಿದ್ದಕ್ಕೇ ಕೇಳಿರಲಿಲ್ಲ."

ಅಂದು ರಾತ್ರಿ ಇಬ್ಬರೂ ಬೇಳೆ ಸಾರು ಉಂಡು ಮಲಗಿದರು. ನಿಸ್ರೀನಳಿಗೆ ತಾನು ಗೆದ್ದಿದ್ದೇನೆಂದು ಗೊತ್ತಿತ್ತು. ಅದರಿಂದ ನಿದ್ದೆಯೇನೂ ಬೇಗ ಬರಲಿಲ್ಲ.

ಮೊದಮೊದಲು ಬಣ್ಣದ ಪಟ್ಟಿಯ ಮೇಲೆ ನಡೆಯಲು ಜನಕ್ಕೆ ಸಂಕೋಚ. ಒಬ್ಬರು ನಡೆದರೆ ಹತ್ತು ಜನ ನೋಡುತ್ತಿದ್ದರು. ಪಡಸಾಲೆಯ ನಡಿಗೆಯವರು ನಾಚುವವರಲ್ಲವಾದ್ದರಿಂದ ಅವರೇ ಶುರುಮಾಡಿದರು. ಆಮೇಲೆ ಶಾಲೆ ಬಿಟ್ಟ ಹೆಣ್ಣುಮಕ್ಕಳು ಕಾರುಗಳ ನಡುವೆ ನುಸುಳುವುದನ್ನು ಬಿಟ್ಟು ಅದರ ಮೇಲೆ ಬಂದರು. ಆಮೇಲೆ ಮಗುವಿನ ಗಾಡಿ ತಳ್ಳುವ ತಾಯಂದಿರು. ಅವರು ಅದುವರೆಗೂ ಎಲ್ಲಿದ್ದರೋ ಯಾರಿಗೂ ಗೊತ್ತಿಲ್ಲ. ಮನೆಯೊಳಗೇ ಇದ್ದಿರಬೇಕು. ನಿಸ್ರೀನ್ ಸಂಜೆ ಕಚೇರಿ ಬಿಟ್ಟ ಮೇಲೆ ಅಲ್ಲಿ ನಿಂತು ಎಲ್ಲಿ ಜನ ನಿಧಾನಿಸುತ್ತಾರೆ, ಎಲ್ಲಿ ಎಡವುತ್ತಾರೆ, ಯಾವ ಕುಂಡ ಅಡ್ಡವಾಗುತ್ತದೆ ಎಂದು ನೋಡಿ ಮರುದಿನ ಸರಿಮಾಡಿಸುತ್ತಿದ್ದಳು.

ಬೇಸಿಗೆ ಮುಗಿದಾಗ ಬಣ್ಣ ಒರೆಸುವ ಮಾತನ್ನು ಯಾರೂ ಎತ್ತಲಿಲ್ಲ. ಅಂಗಡಿಯವರ ಮಕ್ಕಳು ಉಪವಾಸ ಬೀಳಲಿಲ್ಲ. ಕೆಲವರ ವ್ಯಾಪಾರ ಸ್ವಲ್ಪ ಏರಿತು, ಕೆಲವರದು ಇಳಿಯಿತು, ಏರಿದವರು ಅದನ್ನು ಯಾರಿಗೂ ಹೇಳಲಿಲ್ಲ. ಆಲಿವ್ ಕೊಯ್ಲಿಗೆ ಮೊದಲು ಕಲ್ಲು ಹಾಸುವ ಕೆಲಸ ಶುರುವಾಗಿ ಚಳಿಗಾಲಕ್ಕೆ ಮುಗಿಯಿತು. ಅಬು ಗಾಲಿಬ್ ರಿಬ್ಬನ್ ಕತ್ತರಿಸಿ, ಇದು ತಾವು ಬಹಳ ವರ್ಷಗಳಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಯೋಜನೆ ಎಂದು ಭಾಷಣ ಮಾಡಿದರು. ಮನಸ್ಸಿನಲ್ಲಿ ಇದ್ದದ್ದನ್ನು ನೋಡಿದವರು ಯಾರು? ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಫಿ ಕೂಜೆಯನ್ನು ಚಿಕ್ಕದಾಗಿ ಮಾಡಿಸಿ ಗಿರಣಿಯ ಬಯಲಿನ ಬಾಗಿಲಲ್ಲಿ ನಿಲ್ಲಿಸಿದರು. ಖಬರಸ್ತಾನದ ಬೀಗವನ್ನೂ ತೆಗೆದರು. ಉಮ್ ನಿದಾಲ್ ಶುಕ್ರವಾರ ಹೋಗಿ ವಾರದ ಸುದ್ದಿಯನ್ನೆಲ್ಲ ಗಂಡನಿಗೆ ಒಟ್ಟಿಗೇ ಹೇಳಿ ಬರತೊಡಗಿದಳು.

ಊರಿನ ಸಕ್ಕರೆ ಪೂರ್ತಿ ಇಳಿಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಜನ ಓಡಾಡುವುದನ್ನು ಕಂಡು ಬೀದಿಯ ಕೊನೆಯಲ್ಲಿ ಒಬ್ಬ ಕ್ನಾಫೆ ಎಂಬ ಸಿಹಿತಿಂಡಿಯ ಅಂಗಡಿ ತೆರೆದ. ಆ ತುದಿಯವರೆಗೆ ನಡೆದವರಲ್ಲಿ ಅರ್ಧಕ್ಕರ್ಧ ಜನ ಅಲ್ಲಿ ಪಾಕ ಸುರಿದ ಕ್ನಾಫೆ ತಿಂದು ಹಿಂದಿರುಗುತ್ತಿದ್ದರು. ಆದರೂ ಡಾಕ್ಟರ್ ಈಸಾ ಕೆಲವರ ಗುಳಿಗೆ ಕಡಿಮೆ ಮಾಡಿದರು. ಉಮ್ ಜಿಯಾದಳ ಮಂಡಿನೋವು ಹೋಯಿತು. ಉಮ್ ನಿದಾಲಳ ಇನ್ನೊಂದು ಕಾಲಿಗೆ ಏನೂ ಆಗಲಿಲ್ಲ. ನಡೆಯದೇ ಇದ್ದಿದ್ದರೆ ಆಗಬಹುದಿತ್ತೆಂದು ಡಾಕ್ಟರು ನಿಸ್ರೀನ್ ಒಬ್ಬಳೇ ಇದ್ದಾಗ ಅವಳಿಗೆ ಹೇಳಿದರು.

ಸಬ್ರಿ ನಿಸ್ರೀನಳ ಜೊತೆ ಮಾತು ಬಿಟ್ಟಿದ್ದ. ಹಾಸಿಗೆಗಳನ್ನು ಗೋಡೆಗೂ ಮರಕ್ಕೂ ನಡುವಿನ ಪಟ್ಟಿಯೊಳಗೆ ಅಚ್ಚುಕಟ್ಟಾಗಿ ಜೋಡಿಸಿದ್ದ, ಒಂದು ದಿಂಬಿನ ಮೂಲೆಯೂ ಹೊರಗೆ ಬರುತ್ತಿರಲಿಲ್ಲ. ಅವಳು ಸಲಾಂ ಹೇಳಿದರೆ ಅವನು ಮರಕ್ಕೆ ಉತ್ತರ ಹೇಳುತ್ತಿದ್ದ. ಅಕ್ಕನ ಮನೆಗೆ ಬರತೊಡಗಿದ್ದ, ಆದರೆ ನಿಸ್ರೀನ್ ಕಚೇರಿಯಲ್ಲಿರುವ ಹೊತ್ತು ನೋಡಿಕೊಂಡು. ಅವಳು ಎರಡು ಸಲ ಅಂಗಡಿಗೆ ಹೋಗಿ, ಅಂದು ಎಲ್ಲರ ಮುಂದೆ ಹಾಗೆ ಅನ್ನಬಾರದ್ದು ಅಂದೆ ಎಂದು ಹೇಳಿದಳು. ಅವನು ಎರಡು ಸಲವೂ ಯಾವ ಅಳತೆಯ ಹಾಸಿಗೆ ಬೇಕೆಂದು ಕೇಳಿದ.

ಮತ್ತೆ ಬೇಸಿಗೆ ಬಂತು. ಒಂದು ಸಂಜೆ ನಿಸ್ರೀನ್ ತಾಯಿಯ ಕೈ ಹಿಡಿದು ಮಾರುಕಟ್ಟೆಯ ಕಡೆ ನಡೆಯುತ್ತಿದ್ದಾಗ ಸಬ್ರಿ ಅಂಗಡಿ ಮುಚ್ಚಿ ಹೊರಟಿದ್ದ. ಗಿರಣಿಯ ಹಿಂದೆ ಗಾಡಿ ಇದ್ದುದರಿಂದ ಅವನ ದಾರಿಯೂ ಅದೇ. ತಪ್ಪಿಸಿಕೊಳ್ಳಲು ಬೇರೆ ದಾರಿ ಇರಲಿಲ್ಲ. ಅವನು ಅಕ್ಕನ ಇನ್ನೊಂದು ಪಕ್ಕಕ್ಕೆ ಬಂದು ಅವಳ ನಡಿಗೆಗೆ ತಕ್ಕಂತೆ ನಿಧಾನವಾಗಿ ನಡೆಯತೊಡಗಿದ. ಮೂವರೂ ಸಾಲಾಗಿ ನಡೆದರೂ ಜಾಗ ಮಿಕ್ಕುತ್ತಿತ್ತು. ಹಾಗೆಯೇ ಶಾಲೆಯ ಗೋಡೆ ದಾಟಿದರು.

ಆಮೇಲೆ ಅವನು ಅಕ್ಕನಿಗೆ ಹೇಳಿದ: "ನಿನ್ನ ಇಂಜಿನಿಯರಿಗೆ ಹೇಳು, ಆ ಮೂರನೇ ಬೆಂಚಿಗೆ ಸಂಜೆ ಬಿಸಿಲು ಹೊಡೆಯುತ್ತೆ. ಕೂತೋರೆಲ್ಲ ಎದ್ದು ನನ್ನ ಕುರ್ಚಿ ಮೇಲೆ ಬಂದು ಕೂರ್ತಾರೆ. ಕೊಳ್ಳೋದಿಲ್ಲ."

ಉಮ್ ನಿದಾಲ್ ಮಗಳ ಕಡೆ ತಿರುಗಿ, "ಕೇಳಿಸ್ತಾ ಯಮ್ಮಾ?" ಎಂದಳು.

ನಿಸ್ರೀನ್ ಕೇಳಿಸಿತೆಂದಳು. ಮರುದಿನ ಬೆಳಿಗ್ಗೆ ಕೆಲಸದವರನ್ನು ಕರೆದುಕೊಂಡು ಹೋಗಿ ಬೆಂಚನ್ನು ಮರದ ಪೂರ್ವಕ್ಕೆ ಸರಿಸಿ ಹಾಕಿಸಿದಳು. ಸಬ್ರಿ ಅಂಗಡಿಯಿಂದ ಹೊರಗೆ ಬಂದು ನಿಂತು ನೋಡಿ, ಇನ್ನೊಂದು ಗೇಣು ಆಚೆಗೆ ಎಂದು ಕೈಸನ್ನೆ ಮಾಡಿದ.